ಅವ್ವ ಕಲಿತ ಜಗಳ

ನಮ್ಮ ಅಪ್ಪನ ದನಿ ನಮ್ಮ ಮನೆಗಿಂತ ದೊಡ್ಡದಿತ್ತು. ಸವಣೂರಿನ ಎಲೆ ಪೇಟೆಯಲ್ಲಿ ನಿಂತು ಅವನು ವ್ಯಾಪಾರ ಮಾಡುತ್ತಿದ್ದರೆ, ಎರಡು ಓಣಿ ಈಚೆ ಒಲೆಯ ಮುಂದೆ ಕೂತ ಅವ್ವ ಇವತ್ತು ಮಾಲು ಬೇಗ ಹೋಯಿತೋ ಇಲ್ಲವೋ ಹೇಳಿಬಿಡುತ್ತಿದ್ದಳು. ಇದರಲ್ಲಿ ನನ್ನ ಕಡೆಯ ಒಗ್ಗರಣೆ ಸ್ವಲ್ಪ ಇದೆ, ಬಹಳ ಇಲ್ಲ. ವೀಳ್ಯದೆಲೆಯ ವ್ಯಾಪಾರವೆಂದರೆ ಬಾಯಿಯ ವ್ಯಾಪಾರ. ಇಂದು ಹಸಿರಾಗಿದ್ದ ಎಲೆ ನಾಳಿದ್ದಿಗೆ ಬಾಡುತ್ತದೆ. ಅಷ್ಟರೊಳಗೆ ಕೂಗಿ, ನಗಿಸಿ, ಬೈದು, ಆಣೆ ಪ್ರಮಾಣ ಮಾಡಿ ಮಾರಿ ಮುಗಿಸಬೇಕು.

ಸಂಜೆ ಮನೆಗೆ ಬಂದ ಮೇಲಾದರೂ ಆ ಬಾಯಿಗೆ ವಿಶ್ರಾಂತಿ ಇತ್ತೇ? ಇಲ್ಲ. ಉಂಡು ಕೈ ತೊಳೆದು ಹೊರಗಿನ ಕಟ್ಟೆಯ ಮೇಲೆ ಕೂತನೆಂದರೆ ಓಣಿಯ ಜಗಳಗಳೆಲ್ಲ ಒಂದೊಂದಾಗಿ ಅಲ್ಲಿಗೆ ಬರುತ್ತಿದ್ದವು. ಗೌಡ, ಕುಲಕರ್ಣಿ, ಪಂಚ ಏನೂ ಅಲ್ಲದ ಅವನನ್ನು ನ್ಯಾಯ ಹೇಳೆಂದು ಯಾರೂ ನೇಮಿಸಿರಲಿಲ್ಲ. ಅವನು ಎರಡೂ ಕಡೆಯವರ ಮಾತು ಕೇಳುತ್ತಿದ್ದ, ಎರಡೂ ಕಡೆಯವರನ್ನು ಸರಿಯಾಗಿ ಬೈಯುತ್ತಿದ್ದ, ಆಮೇಲೆ ಇಬ್ಬರೂ ಒಪ್ಪುವಂಥದ್ದೊಂದು ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಬಂದವರಿಗೆ ನ್ಯಾಯ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಅಪ್ಪನಿಗಂತೂ ಅದರಿಂದ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಅವ್ವ ಇದಕ್ಕೆ ತೀರಾ ವಿರುದ್ಧ. ಅವಳ ಮಾತು ಅವಳ ಸೆರಗಿನೊಳಗೇ ಉಳಿಯುತ್ತಿತ್ತು. ಮನೆಯ ಹೊರಗಿನ ಯಾರನ್ನು ಮಾತಾಡಿಸಿದರೂ "ಬರ್ರಿ, ಕೂಡ್ರಿ" ಎಂದೇ ಮಾತಾಡಿಸಬೇಕು, ತರಕಾರಿ ಮಾರುವ ಹುಡುಗಿಯಾದರೂ ಸರಿ. "ನಿಮ್ಮವ್ವ ಹಾಲು ಕುಡ್ಯಾಕ ಬಂದ ಬೆಕ್ಕಿಗೂ 'ಹೋಗಿಬರ್ರಿ' ಅಂತಾಳ" ಎಂದು ಅಪ್ಪ ಅಣಕಿಸುತ್ತಿದ್ದ. ಅವ್ವ ನಗುತ್ತಿದ್ದಳು. ಅವಳ ನಗುವಿಗೂ ಸದ್ದಿರಲಿಲ್ಲ.

ಹಿತ್ತಲಿನ ಗೋಡೆಯಾಚೆ, ನಾವು ಮಕ್ಕಳು ಖಾಲಾ, ಅಂದರೆ ಚಿಕ್ಕವ್ವ, ಎಂದು ಕರೆಯುತ್ತಿದ್ದ ಮುಸಲ್ಮಾನರ ಹೆಣ್ಣುಮಗಳು ಇದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಅವಳು ನಮ್ಮ ನೆರೆಯವಳು. ಅವಳ ಗಂಡ, ನಾವು ಕಾಕಾ ಎನ್ನುತ್ತಿದ್ದವನು, ಟಾಂಗಾ ಹೊಡೆಯುತ್ತಿದ್ದ. ಎರಡು ಮನೆಗಳ ನಡುವೆ ಆಳೆತ್ತರಕ್ಕಿಂತ ಒಂದು ಗೇಣು ಎತ್ತರದ ಮಣ್ಣಿನ ಗೋಡೆ. ಮುಖ ಕಾಣದಿದ್ದರೂ ಅವ್ವ ಮತ್ತು ಖಾಲಾ ಇಡೀ ದಿನ ಅದರ ಮೂಲಕ ಮಾತಾಡುತ್ತಿದ್ದರು. ಕರಿಬೇವು ಆಚೆಯಿಂದ ಈಚೆಗೆ ಬರುತ್ತಿತ್ತು, ಹಪ್ಪಳ ಈಚೆಯಿಂದ ಆಚೆಗೆ ಹೋಗುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಹಾರಿ ಬರುತ್ತಿದ್ದದ್ದು ಖಾಲಾನ ಕೋಳಿಗಳು ಮಾತ್ರ. ಖಾಲಾ ಜಗಳದಲ್ಲಿ ನಿಸ್ಸೀಮಳು. ನೀರಿನ ಬಾವಿಯ ಹತ್ತಿರ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಎದುರಿನವರು ಕೊಡ ಎತ್ತಿಕೊಂಡು ಮನೆಗೆ ನಡೆಯುತ್ತಿದ್ದರು.

ನಾನು ಹೇಳುವುದು ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನನ್ನ ಮದುವೆಯಾಗಿತ್ತು, ಹಿರೇಕೆರೂರಿನ ಗಂಡನ ಮನೆಗೆ ಕಳಿಸುವುದು ಬಾಕಿ ಇತ್ತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ನಮ್ಮ ತೋಟದಲ್ಲಿ ಏಣಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಎಲೆ ಕೀಳುವವರು ಕೀಳುತ್ತಿದ್ದರು, ಇವನು ಏಣಿ ಹತ್ತುವ ಕಾರಣವೇ ಇರಲಿಲ್ಲ. ಆದರೆ ಮೇಲಿನ ಬಳ್ಳಿಯ ಎಲೆ ಯಾಕೆ ಸಣ್ಣದಾಗಿದೆ ಎಂದು ಅದನ್ನೇ ಕೇಳಬೇಕಿತ್ತು ಅಂತ ಕಾಣುತ್ತದೆ, ಹತ್ತಿದ, ಬಿದ್ದ.

ಚಿಕ್ಕೇರೂರಿನಿಂದ ಎಲುಬು ಕಟ್ಟುವ ಅಜ್ಜನನ್ನು ಚಕ್ಕಡಿಯಲ್ಲಿ ಕರೆಸಿದರು. ಅವನು ಲೇಪ ಹಚ್ಚಿ, ಬಿದಿರಿನ ಸೀಳುಗಳನ್ನಿಟ್ಟು, ತೊಡೆಯಿಂದ ಹಿಮ್ಮಡಿಯತನಕ ಬಿಗಿದು ಕಟ್ಟಿದ. ಹೋಗುವಾಗ ಎಲ್ಲರನ್ನೂ ಕೂರಿಸಿ ಹೇಳಿದ.

"ಅಲಗ್ಯಾಡಬಾರದು. ಜೋರ ಕೆಮ್ಮಬಾರದು. ನಗಬಾರದು, ನಗಸಬಾರದು. ಎಲಬು ಕೂಡೂತನಾ ಮೈ ನಡಗಬಾರದು."

ಇನ್ನೂ ಏನೋ ಹೇಳಿದ. ಅದು ನಮ್ಮ ಯಾರ ಕಿವಿಗೂ ಬೀಳಲಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ಆಯಿ, ಅಂದರೆ ಅಪ್ಪನ ತಾಯಿ, ಮನೆಯ ಆಡಳಿತ ತೆಗೆದುಕೊಂಡಾಗಿತ್ತು. ಹಾನಗಲ್ಲಿನ ದೊಡ್ಡ ಮನೆತನದಿಂದ ಬಂದ ಹೆಣ್ಣುಮಗಳು ಅವಳು, ಯಾವ ಮಾತನ್ನೂ ಅರ್ಧ ಪಾಲಿಸುವವಳಲ್ಲ. ನಗಿಸಬಾರದು ಅಂದರೆ ಮಾತಾಡಿಸಬಾರದು, ಮಾತಾಡಿಸಬಾರದು ಅಂದರೆ ಯಾರೂ ಬರಬಾರದು. ಪಡಸಾಲೆಯಲ್ಲಿ ಬೀದಿಯ ಗದ್ದಲ ಇರುತ್ತದೆಂದು, ಹೋಗಿಬರುವವರ ದೃಷ್ಟಿ ತಾಗುತ್ತದೆಂದು ಅಪ್ಪನ ಹೊರಸನ್ನು ಹಿಂದಿನ ಖೋಲಿಗೆ ಹಾಕಿಸಿದಳು. ಆ ಖೋಲಿಗೆ ಒಂದೇ ಸಣ್ಣ ಕಿಟಕಿ. ಅದರಿಂದ ನೋಡಿದರೆ ಕಾಣುವುದು ಹಿತ್ತಲಿನ ಮಣ್ಣಿನ ಗೋಡೆ, ಅಷ್ಟೇ.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಊರೆಲ್ಲ ಬಂದು ಮಾತಾಡಿಸಿಕೊಂಡು ಹೋಗುವುದು ಪದ್ಧತಿ. ಬಂದವರು ಹೊರಸಿನ ಪಕ್ಕ ಕೂತು, ಇದೇ ತರಹ ಬಿದ್ದು ಸತ್ತ ತಮ್ಮ ಬೀಗರೊಬ್ಬರ ಕಥೆಯನ್ನು ಹೇಳುವುದೂ ಪದ್ಧತಿಯೇ. ಆದ್ದರಿಂದ ಆಯಿ ಮಾಡಿದ್ದು ಪೂರ್ತಿ ತಪ್ಪು ಎನ್ನಲಾರೆ. ಬಾಗಿಲಲ್ಲೇ ಕೂತು ಬಂದವರಿಗೆಲ್ಲ "ಮಲಗ್ಯಾನ" ಎಂದು ಹೇಳಿ ಕಳಿಸುತ್ತಿದ್ದಳು. ಮೊದಮೊದಲು ಅಪ್ಪನೂ ಸುಮ್ಮನಿದ್ದ, ನೋವು ಹಾಗಿತ್ತು. ನೋವು ಇಳಿದ ಮೇಲೆ ಪೇಟೆಯ ಸುದ್ದಿ ಕೇಳತೊಡಗಿದ. ಎಲೆ ಹೇಗಿದೆ, ಶಿಗ್ಗಾವಿಯ ಗಿರಾಕಿ ಬಂದಿದ್ದನೇ, ತೋಟಕ್ಕೆ ನೀರು ಬಿಟ್ಟರೇ, ಹೀಗೆ. ವ್ಯಾಪಾರ ನೋಡಿಕೊಳ್ಳುತ್ತಿದ್ದ ನನ್ನ ಅಣ್ಣನಿಗೆ ಆಯಿ ಮೊದಲೇ ಹೇಳಿಟ್ಟಿದ್ದಳು, ಬ್ಯಾನಿ ಮನುಷ್ಯನ ತಲೆಗೆ ಏನೂ ಹಚ್ಚಬಾರದೆಂದು. ಆದ್ದರಿಂದ ಅಪ್ಪ ಏನು ಕೇಳಿದರೂ ಉತ್ತರ ಒಂದೇ.

"ಎಲ್ಲಾ ಚಲೋ ಐತಿ."

ಆ ಮಾತು ಕೇಳಿ ಕೇಳಿ ನನಗೇ ತಲೆ ಕೆಡುತ್ತಿತ್ತು. ಬದುಕೆಲ್ಲ ಕೊರತೆ, ತಕರಾರು, ಚೌಕಾಶಿಗಳ ನಡುವೆ ನಿಂತು ಉಸಿರಾಡಿದ ಮನುಷ್ಯನಿಗೆ ಎಲ್ಲಾ ಚಲೋ ಇದೆ ಎಂದು ಬೆಳಗ್ಗೆ ಸಂಜೆ ಹೇಳಿದರೆ ಅವನು ಏನು ಮಾಡಬೇಕು? ಅಪ್ಪ ಕೇಳುವುದನ್ನು ಬಿಟ್ಟ. ನಾವು ಬರಿಗಾಲಲ್ಲಿ ನಡೆದೆವು, ಸದ್ದು ಕೇಳಿಸದಂತೆ ಪಾತ್ರೆ ತೊಳೆದೆವು, ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡಿದೆವು. ಅಷ್ಟು ಪ್ರೀತಿಯಿಂದ ಅವನನ್ನು ಕಾಪಾಡುತ್ತಿದ್ದೇವೆಂದು ನಮಗೆ ನಮ್ಮ ಬಗ್ಗೆಯೇ ಹೆಮ್ಮೆ. ಅವನು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿದ. ಕ್ಷೌರದವನು ಬಂದರೆ ಬೇಡವೆಂದ. ತಟ್ಟೆಯಲ್ಲಿಟ್ಟ ರೊಟ್ಟಿಯಲ್ಲಿ ಅರ್ಧ ಹಾಗೆಯೇ ವಾಪಸು ಬರತೊಡಗಿತು. ಎಲುಬು ಕೂಡುತ್ತಿತ್ತು, ಮನುಷ್ಯ ಕರಗುತ್ತಿದ್ದ.

ಒಂದು ದಿನ ಮಧ್ಯಾಹ್ನ ನಾನು ನೀರು ಇಡಲು ಹೋದಾಗ ನನ್ನ ಕೈ ಹಿಡಿದ.

"ನಿನ್ನ ಹಿರೇಕೆರೂರಿಗೆ ಲಗೂನ ಕಳಸಿಬಿಡ್ರಿ ಅಂತ ಹೇಳು ನಿಮ್ಮವ್ವಗ. ನಾ ಇದ್ದಾಗನ ಆಗಲಿ."

"ಯಾಕಪ್ಪಾ ಹಂಗ ಅಂತಿ?"

"ಮನ್ಯಾಗ ಎಲ್ಲಾರೂ ಪಿಸಪಿಸ ಅಂತೀರಿ. ಅಷ್ಟೂ ಗೊತ್ತಾಗೂದಿಲ್ಲೇನು ನನಗ? ಸಾಯೂ ಮನಷ್ಯಾನ ಮನ್ಯಾಗನ ಹಿಂಗ ಮಾತಾಡೂದು."

ಓಡಿ ಬಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಸದ್ದಾಗಬಾರದೆಂದು ಅವಳು ಆ ದಿನಗಳಲ್ಲಿ ರೊಟ್ಟಿಯನ್ನು ಬಡಿಯುತ್ತಲೂ ಇರಲಿಲ್ಲ, ಮೆಲ್ಲಗೆ ತಟ್ಟುತ್ತಿದ್ದಳು. ಅದಕ್ಕೇ ಆ ರೊಟ್ಟಿಗಳೂ ದಪ್ಪವಾಗಿ ಹಸಿಹಸಿಯಾಗಿ ಬರುತ್ತಿದ್ದವು.

ಇದಾದ ಕೆಲವು ದಿನಕ್ಕೆ ಕೋಳಿಯ ಪ್ರಕರಣ ನಡೆಯಿತು. ಹಿತ್ತಲಲ್ಲಿ ಹಳೆಯ ಧೋತರ ಹಾಸಿ ಸಂಡಿಗೆ ಇಟ್ಟಿದ್ದೆವು. ಖಾಲಾನ ಕೆಂಪು ಹುಂಜ ಗೋಡೆ ಹಾರಿ ಬಂದು ಅದರ ಮೇಲೆಲ್ಲ ಮೆರವಣಿಗೆ ಮಾಡಿತು. ಅದನ್ನು ಮೊದಲು ಕಂಡವಳು ಆಯಿ. ಮನೆಗೆ ತಾನೇ ಹಾಕಿದ ಕಟ್ಟು ಅವಳಿಗೇ ಮರೆತುಹೋಯಿತು.

"ಹಾಳಾಗಿ ಹೋಗಲಿ ನಿನ್ನ ಹುಂಜಾ! ಅದಕ್ಕ ಒಂದ್ ಹಗ್ಗಾ ಇಲ್ಲೇನ ನಿನ್ನ ಮನ್ಯಾಗ?"

ಗೋಡೆಯಾಚೆಯಿಂದ ಖಾಲಾನ ದನಿ ಬಂತು. "ಹುಂಜಕ್ಕ ಯಾರರೆ ಹಗ್ಗಾ ಕಟ್ತಾರೇನ, ಆಯಿ? ಅದೇನ್ ನಿಮ್ಮ ಎತ್ತೇನು? ಸಂಡಿಗಿ ಮಾಳಿಗಿ ಮ್ಯಾಲ ಇಡ್ರಿ, ನೆಲದ ಮ್ಯಾಲ ಇಟ್ಟು ಕೋಳಿಗೆ ಊಟದ ದಾವತ್ ಕೊಟ್ಟರ ಅದು ಬರೂದಽ."

ಆಯಿ ಅದಕ್ಕೊಂದು ಹೇಳಿದಳು, ಖಾಲಾ ಅದರ ಮೇಲೊಂದು ಹೇಳಿದಳು. ಆಗ ಹಿಂದಿನ ಖೋಲಿಯ ಕಿಟಕಿಯಿಂದ ಒರಟಾದ, ತುಕ್ಕು ಹಿಡಿದ ದನಿ ಬಂತು.

"ಯಾರದ ಅದು? ಹುಂಜ ತಾನ ಹಾರಿ ಬಂತೋ, ಯಾರರೆ ಓಡಿಸಿದ್ರೋ? ಅದನ್ನ ಮೊದಲ ಹೇಳ್ರಿ."

ಎಲ್ಲರೂ ಹಾಗೇ ನಿಂತೆವು. ಎಷ್ಟೋ ದಿನದ ಮೇಲೆ ಅಪ್ಪ ತಾನಾಗಿ ಮಾತಾಡಿದ್ದ. ಆಯಿಗೆ ಗಾಬರಿಯಾಗಿ ಬಾಯಿಗೆ ಸೆರಗು ಒತ್ತಿಕೊಂಡಳು, ಮಗನ ಎಲುಬನ್ನು ತಾನೇ ಅಲುಗಿಸಿದೆನೆಂದು ಗಲ್ಲ ಗಲ್ಲ ಬಡಿದುಕೊಂಡಳು. ಮನೆಯಲ್ಲಿ ಮತ್ತೆ ಮೌನ ಬಿತ್ತು. ಆದರೆ ಅವ್ವ ಒಂದನ್ನು ಗಮನಿಸಿದ್ದಳು. ಆ ಮಧ್ಯಾಹ್ನದ ತಟ್ಟೆಯಲ್ಲಿ ರೊಟ್ಟಿ ಉಳಿದಿರಲಿಲ್ಲ.

ಮರುದಿನ ರೊಟ್ಟಿ ಮತ್ತೆ ಉಳಿಯಿತು. ಅದರ ಮರುದಿನವೂ ಉಳಿಯಿತು. ಸೋಮವಾರ ಆಯಿ ಮಠಕ್ಕೆ ಹೋದದ್ದೇ ತಡ, ಅವ್ವ ಗೋಡೆಯ ಹತ್ತಿರ ಹೋಗಿ ನಿಂತಳು. ನಾನು ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ.

"ಬೂಬೂ, ಒಂದ್ ಕೆಲಸ ಆಗಬೇಕಾಗಿತ್ತರೀ," ಅಂದಳು. ಖಾಲಾನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ಹೇಳ ತಂಗಿ. ಖಾರಾ ಬೇಕೇನು?"

"ಖಾರಾ ಅಲ್ರಿ. ನನ್ನ ಜೋಡಿ ಒಂದ್ ಜಗಳಾ ಆಡ್ತೀರೇನು?"

ಗೋಡೆಯಾಚೆ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ಹಿಂಬಾಗಿಲಿನಿಂದ ಖಾಲಾನೇ ನಮ್ಮ ಹಿತ್ತಲಿಗೆ ಬಂದಳು, ಅವ್ವನಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಅವ್ವ ಪಿಸುಗುಟ್ಟುತ್ತ ಎಲ್ಲವನ್ನೂ ಹೇಳಿದಳು, ಹೇಳುತ್ತ ಅತ್ತಳು. ಖಾಲಾನ ಕಣ್ಣೂ ತುಂಬಿದವು. ಆದರೆ ಖಾಲಾ ಕೆಲಸದ ಹೆಂಗಸು, ಕಣ್ಣು ಒರೆಸಿಕೊಂಡು ಕೂಡಲೇ ಪಾಠ ಶುರು ಮಾಡಿದಳು.

"ಮೊದಲ 'ರೀ' ಬಿಡು. ಜಗಳದಾಗ ಯಾರರೆ 'ರೀ' ಅಂತಾರೇನ? ಎರಡನೇದು, ಕೈ. ಕೈ ಎಲ್ಲಿ ಐತಿ ನೋಡ್ಕೋ. ಸೆರಗು ಹಿಡಕೊಂಡು ನಿಂತ್ರ ದನಿ ಬರೂದಿಲ್ಲ. ಸೊಂಟದ ಮ್ಯಾಲ ಇಡು. ಹಂಗಲ್ಲ, ಹಿಂಗ, ಗಟ್ಟಿ. ಈಗ ಹೊಟ್ಟಿಯಿಂದ ಒದರು."

ಅವ್ವ ಸೊಂಟದ ಮೇಲೆ ಕೈಯಿಟ್ಟಳು. ಹೊಟ್ಟೆ ನೋವು ಬಂದವರಂತೆ ಕಾಣುತ್ತಿದ್ದಳು. ನಾನು ತಿಕ್ಕುತ್ತಿದ್ದ ತಂಬಿಗೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ.

ಮೊದಲನೆಯ ಜಗಳ ಅದೇ ಹೊತ್ತಿಗೆ ನಡೆಯಿತು, ಆಯಿ ಮರಳುವಷ್ಟರಲ್ಲಿ ಮುಗಿಯಬೇಕಲ್ಲ. ಖಾಲಾ ಆಚೆ ಹೋಗಿ ತಾನೇ ಒಂದು ಕೋಳಿಯನ್ನು ಎತ್ತಿ ಈಚೆಗೆ ಎಸೆದಳು. ಅವ್ವ ಕಿಟಕಿಯ ಹತ್ತಿರ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದಳು.

"ಬೂಬೂ, ನಿಮ್ಮ ಕೋಳಿ ಬಂದೈತ್ರಿ. ಸಂಡಿಗಿ ತುಳ್ದೈತ್ರಿ. ಹಿಂಗ ಮಾಡಿದ್ರ ಹ್ಯಾಂಗ್ರಿ?"

"ಹಿಂಗಽ ಮಾಡ್ತೇನಿ!" ಎಂದು ಗುಡುಗಿದಳು ಖಾಲಾ. "ಏನ್ ಮಾಡ್ಕೋತಿ ಮಾಡ್ಕೋ! ನಿನ್ನ ಬಚ್ಚಲ ನೀರು ನನ್ನ ಗ್ವಾಡಿ ಬುಡಕ ನಿಂತು ಗ್ವಾಡಿ ಕುಸ್ಯಾಕತ್ತೈತಿ, ಅದನ್ನ ಕೇಳವ್ರು ಯಾರೂ ಇಲ್ಲ!"

ಅವ್ವನಿಗೆ ಇದು ಪಾಠದಲ್ಲಿ ಬಂದಿರಲಿಲ್ಲ. ಅವಳು ನಿಜವಾಗಿಯೇ ಹೆದರಿ, "ಹೌದೇನ್ರಿ? ನೋಡಿರಲಿಲ್ರಿ. ಇವತ್ತ ತಗಸ್ತೇನ್ರಿ," ಅಂದುಬಿಟ್ಟಳು. ಜಗಳ ಹುಟ್ಟಿದಲ್ಲೇ ಸತ್ತಿತು ಎಂದುಕೊಂಡೆ. ಅಷ್ಟರಲ್ಲಿ ಕಿಟಕಿಯೊಳಗಿಂದ ಅಪ್ಪ ಕೂಗಿದ.

"ಏ ಹುಚ್ಚಿ! ಒಪ್ಕೋಬ್ಯಾಡ! ಬಚ್ಚಲ ನೀರಿನ ಮಾತ ಬ್ಯಾರೆ, ಕೋಳಿ ಮಾತ ಬ್ಯಾರೆ. ಆಕಿ ಮಾತ ತಿರುವಾಕತ್ತಾಳ. ಮೊದಲ ಕೋಳಿದ ಇತ್ಯರ್ಥ ಆಗಲಿ ಅಂತ ಹೇಳು!"

"ಮೊದಲ ಕೋಳಿದ ಇತ್ಯರ್ಥ ಆಗಲಿ ಅಂತ್ರಿ," ಅಂದಳು ಅವ್ವ ಗೋಡೆಗೆ.

"ಅಣ್ಣಾರ, ನೀವು ಹೇಣ್ತಿ ಕಡೆ ವಕೀಲ್ಕಿ ಮಾಡ್ತೀರೋ, ನ್ಯಾಯಾ ಹೇಳ್ತೀರೋ? ಎರಡೂ ಮಾಡೂದು ಇನ್ಸಾಫ್ ಅಲ್ಲ!" ಎಂದಳು ಖಾಲಾ.

ಅಷ್ಟರಲ್ಲಿ ಒಳಗಿಂದ ವಿಚಿತ್ರವಾದ ಸದ್ದು ಬಂತು. ಅವ್ವ ಓಡಿದಳು, ನಾನೂ ಓಡಿದೆ. ಅಪ್ಪ ನಗುತ್ತಿದ್ದ. ಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಗಡ್ಡವೆಲ್ಲ ಒದ್ದೆಯಾಗುವಂತೆ ನಗುತ್ತಿದ್ದ.

ಆಯಿಗೆ ಇದು ತಿಳಿದಾಗ ರಂಪವಾಯಿತು. ಎಲುಬು ಸರಿದಿದ್ದರೆ ಯಾರು ಗತಿ ಎಂದು ಅವ್ವನನ್ನು ಹಿಡಿದುಕೊಂಡಳು. ಕೊನೆಗೆ ಚಿಕ್ಕೇರೂರಿನ ಅಜ್ಜನನ್ನೇ ಮತ್ತೆ ಕರೆಸಬೇಕಾಯಿತು. ಅವನು ಕಟ್ಟು ಬಿಚ್ಚಿ ನೋಡಿದ, ಒತ್ತಿ ನೋಡಿದ, ಹೊಸದಾಗಿ ಕಟ್ಟಿದ. ಆಮೇಲೆ ಮುಚ್ಚಿದ ಬಾಗಿಲು, ಕತ್ತಲೆ, ಅಪ್ಪನ ಗಡ್ಡ ಎಲ್ಲವನ್ನೂ ನೋಡಿ ಕೇಳಿದ.

"ಇವರನ್ನ ಹಿಂಗ ಯಾಕ ಹುಗದಿಟ್ಟೀರಿ?"

"ನೀವ ಹೇಳಿದ್ರಲ್ಲ, ನಗಸಬಾರದು ಅಂತ," ಅಂದಳು ಆಯಿ.

"ಅಯ್ಯ, ಅದು ಮೊದಲನೇ ಹದಿನೈದು ದಿನದ ಮಾತು. ಅವತ್ತ ಹೇಳಿ ಹೋಗಿದ್ನಲ್ಲ. ಈಗ ಇವರು ನಗಬೇಕು, ಉಣ್ಣಬೇಕು, ಬೈಬೇಕು. ಹಾಸಿಗ್ಯಾಗ ಬಿದ್ದವಗ ಎಲಬು ಕಟ್ಟಾಕ ನಾ ಅದೇನಿ, ಮನಸು ಕಟ್ಟಾವ್ರು ನೀವ."

ಆಯಿ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಗ್ಗೆ ತಾನೇ ಎದ್ದು ಆಳುಗಳನ್ನು ಕರೆದು ಅಪ್ಪನ ಹೊರಸನ್ನು ಪಡಸಾಲೆಗೆ, ಬೀದಿಯ ಕಿಟಕಿಯ ಕೆಳಗೆ ಹಾಕಿಸಿದಳು. ಮಗನ ತಲೆಗೆ ಎಣ್ಣೆ ಹಚ್ಚುತ್ತ, ಓಣಿಯಲ್ಲಿ ಯಾರ ಮನೆಯಲ್ಲಿ ಏನೇನು ಕೆಟ್ಟಿದೆ ಎಂದು ವಿವರವಾಗಿ ಹೇಳತೊಡಗಿದಳು. ತಪ್ಪು ತಿದ್ದಿಕೊಳ್ಳುವುದರಲ್ಲೂ ಅವಳದು ಅರ್ಧ ಕೆಲಸವಲ್ಲ.

ಆಮೇಲೆ ಜಗಳಗಳು ಕಿಟಕಿಗೆ ಬರತೊಡಗಿದವು. ಕಟ್ಟೆಯ ಮೇಲೆ ವಾದಿ ಪ್ರತಿವಾದಿಗಳು, ಒಳಗೆ ಹೊರಸಿನ ಮೇಲೆ ಅಪ್ಪ. ಅಣ್ಣ ಪೇಟೆಯ ಕಷ್ಟಗಳನ್ನೆಲ್ಲ ತಂದು ಹೇಳಿದ. ಅವ್ವ ಎಲೆಯ ಬುಟ್ಟಿಯನ್ನು ಹೊರಸಿನ ಪಕ್ಕಕ್ಕಿಟ್ಟಳು. ಕೊಳೆತ ಎಲೆ ತೆಗೆದು ಒಳ್ಳೆಯದನ್ನು ಒದ್ದೆ ಬಟ್ಟೆಯಲ್ಲಿ ಜೋಡಿಸುವ ಕೆಲಸ ಮಲಗಿಯೇ ಮಾಡಬಹುದಾಗಿತ್ತು. ಕೈಗೆ ಎಲೆಯ ವಾಸನೆ ಹತ್ತಿದ ದಿನವೇ ಕ್ಷೌರದವನನ್ನು ಕರೆಯಲು ಹೇಳಿದ.

ಎಲ್ಲ ಅಷ್ಟಕ್ಕೇ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಲು ಊರುವತನಕ ಇನ್ನೂ ಬಹಳ ತಿಂಗಳು ಹೋದವು. ಮಧ್ಯೆ ಮಧ್ಯೆ ಅಪ್ಪ ಇದ್ದಕ್ಕಿದ್ದಂತೆ ಕಿಟಕಿ ಹಾಕು ಎನ್ನುತ್ತಿದ್ದ, ಗೋಡೆಯ ಕಡೆ ಹೊರಳುತ್ತಿದ್ದ. ಅಂಥ ದಿನ ಯಾವ ಜಗಳವೂ ನಾಟುತ್ತಿರಲಿಲ್ಲ. ಅವ್ವ ಆಗ ಏನನ್ನೂ ಹೇಳುತ್ತಿರಲಿಲ್ಲ, "ಎಲ್ಲಾ ಚಲೋ ಐತಿ" ಎಂದಂತೂ ಹೇಳುತ್ತಿರಲಿಲ್ಲ. ಜೋಳ ಹಸನು ಮಾಡುವ ಮೊರ ತಂದು ಅವನ ಹೊರಸಿನ ಹತ್ತಿರ ಕೂತು ಕೇರುತ್ತಿದ್ದಳು. ಅವನು ಹೊರಳಿದಾಗ ಅವಳು ಅಲ್ಲೇ ಇರಬೇಕು, ಅಷ್ಟೇ ಅವಳ ಉಪಾಯ. ಈಗಲೂ ಯಾರಾದರೂ ಮನಸ್ಸು ಕೆಟ್ಟು ಒಳಗೆ ಕೂತರೆ ನನಗೆ ಬುದ್ಧಿಮಾತು ಹೇಳಲು ಬರುವುದಿಲ್ಲ. ಒಂದು ಮೊರ ಹುಡುಕಿಕೊಂಡು ಹೋಗಿ ಹತ್ತಿರ ಕೂರುತ್ತೇನೆ.

ಅಪ್ಪ ಕೋಲು ಹಿಡಿದು ಕಟ್ಟೆಯತನಕ ನಡೆದ ಮೇಲೆ ನನ್ನನ್ನು ಹಿರೇಕೆರೂರಿಗೆ ಕಳಿಸಿದರು. ಕಾಕಾನ ಟಾಂಗಾದಲ್ಲಿ ಊರ ಹೊರಗಿನ ತನಕ ಅಪ್ಪನೂ ಬಂದ. ದಾರಿಯಲ್ಲಿ ನಾನು ಕೇಳಿಯೇಬಿಟ್ಟೆ, ಅವ್ವ ಖಾಲಾರ ಜಗಳ ನಾಟಕವೆಂದು ನಿನಗೆ ಯಾವಾಗ ಗೊತ್ತಾಯಿತು ಎಂದು.

"ಮೊದಲನೇ ದಿನಾನ," ಅಂದ. "ನಿಮ್ಮವ್ವಗ ಜಗಳಾ ಬರತೈತೇನ? ಆದ್ರ ಜನ್ಮದಾಗ ದನಿ ಎತ್ತಲಾರದಾಕಿ ನನ್ನ ಸಲುವಾಗಿ ಗ್ವಾಡಿ ಮುಂದ ನಿಂತು ಒದರಾಕತ್ತಾಳ ಅಂದ್ರ ನಾ ಸುಮ್ಮನ ಹ್ಯಾಂಗ ಮಲಗಲಿ?"

ಕಾಕಾ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದವನು ಕುದುರೆಗೆ ಏನೋ ಹೇಳಿ ನಕ್ಕ. ನನಗೆ ಮಾತ್ರ ಹಿರೇಕೆರೂರು ಬರುವತನಕ ಕಣ್ಣು ಒಣಗಲಿಲ್ಲ.

ಮುಂದೆ ಯುದ್ಧ ಬಂತು. ಸೀಮೆಎಣ್ಣೆಗೆ ಸಾಲು ನಿಲ್ಲುವ ದಿನಗಳವು. ಆಯಿ ತೀರಿಕೊಂಡಿದ್ದಳು. ನನ್ನ ಎರಡನೆಯ ಬಾಣಂತನಕ್ಕೆ ಸವಣೂರಿಗೆ ಬಂದಿದ್ದೆ. ಬಾಣಂತಿಗೆ ಕೊಟ್ಟದ್ದು ಅದೇ ಹಿಂದಿನ ಖೋಲಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಕಿಟಕಿಯಲ್ಲಿ ಅದೇ ಮಣ್ಣಿನ ಗೋಡೆ. ಅಪ್ಪ ಎಷ್ಟು ದಿನ ಇದನ್ನೇ ನೋಡಿದನಲ್ಲ ಎಂದು ಆಗ ನನಗೆ ಸರಿಯಾಗಿ ತಿಳಿಯಿತು.

ನನ್ನ ಹೆರಿಗೆಯಾದ ವಾರದಲ್ಲಿಯೇ ಕಾಕಾ ಜ್ವರದಲ್ಲಿ ತೀರಿಕೊಂಡ. ಖಾಲಾ ಇದ್ದತ್‌ಗೆ ಕೂತಳು. ಗಂಡ ಸತ್ತ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಮನೆ ಹಿತ್ತಲು ಬಿಟ್ಟು ಹೊರಗೆ ಹೋಗಬಾರದೆಂಬುದು ಅವರ ನೇಮ. ಕುದುರೆಯನ್ನು ಅವಳ ಮೈದುನ ಬಂಕಾಪುರಕ್ಕೆ ಹೊಡೆದುಕೊಂಡು ಹೋದ. ಅವಳ ಮಗಳು ಬಂದು ಕೆಲವು ದಿನ ಇದ್ದು, ತನ್ನ ಮಕ್ಕಳನ್ನು ನೋಡಿಕೊಳ್ಳಲು ಹೊರಟುಹೋದಳು. ವಯಸ್ಸಾದ ಒಬ್ಬ ತಂಗಿ ಮಾತ್ರ ಜೊತೆಗಿದ್ದಳು.

ನಾನು ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಗೋಡೆಯಾಚೆಗೆ ಕಿವಿ ಕೊಡುತ್ತಿದ್ದೆ. ಕುದುರೆಯ ಗೊರಸಿನ ಸದ್ದಿಲ್ಲ. ಖಾಲಾ ಯಾರನ್ನೂ ಬೈಯುವ ಸದ್ದಿಲ್ಲ. ಅವ್ವ ದಿನಾ ಹೋಗಿ ಬರುತ್ತಿದ್ದಳು, ಬಿಸಿ ರೊಟ್ಟಿ ಒಯ್ಯುತ್ತಿದ್ದಳು, ಮೊರ ಒಯ್ದು ಹತ್ತಿರ ಕೂರುತ್ತಿದ್ದಳು. ಬಂದು ನನ್ನ ಹತ್ತಿರ ಹೇಳುತ್ತಿದ್ದಳು.

"ಮಾತ ಇಲ್ಲ. ಹೂಂ ಅಂತಾರ, ಇಲ್ಲ ಅಂತಾರ. ಕಣ್ಣಾಗ ನೀರೂ ಇಲ್ಲ. ರೊಟ್ಟಿ ತಂಗಿ ಉಣ್ಣತಾಳ, ಇವರು ಮುಟ್ಟೂದಿಲ್ಲ. ನೇಮ ಮುಗ್ಯೂದ್ರಾಗ ಈ ಜೀವಾ ಉಳಿತೈತೋ ಇಲ್ಲೋ."

ಒಂದು ಬೆಳಗ್ಗೆ ಅವ್ವ ನನ್ನ ಕಿಟಕಿಯ ಮುಂದೆ ಹಾದು ಗೋಡೆಯ ಹತ್ತಿರ ಹೋದಳು. ಬಿಸಿಲಿಗೆ ಕೂತಿದ್ದ ಅಪ್ಪ ಅವಳ ನಡಿಗೆ ನೋಡಿಯೇ ತಿಳಿದುಕೊಂಡ.

"ಬ್ಯಾಡ. ದುಃಖದ ಮನಿ ಅದು. ಓಣ್ಯಾಗಿನವರು ಏನಂದಾರು?" ಅಂದ.

ಜಗತ್ತಿಗೆಲ್ಲ ಹೆದರುತ್ತಿದ್ದ ಅವ್ವ ಆ ದಿನ ಯಾರಿಗೂ ಹೆದರಲಿಲ್ಲ. ಅವಳ ಹೊಟ್ಟೆಯಿಂದ ನಾನು ಎಂದೂ ಕೇಳದ ದನಿ ಬಂತು.

"ಏ ಬೂಬೂ! ನಿನ್ನ ಹುಂಜ ನನ್ನ ಬಾಣಂತಿ ಖೋಲಿ ಮುಂದ ಒದರಾಕತ್ತೈತಿ! ಕೂಸು ಬೆಚ್ಚಿ ಬೀಳಾಕತ್ತೈತಿ! ಹಗ್ಗಾ ಇಲ್ಲೇನ ನಿನ್ನ ಮನ್ಯಾಗ?"

ನನ್ನ ಕೂಸು ಬೆಚ್ಚಿಬಿದ್ದದ್ದು ಅಜ್ಜಿಯ ದನಿಗೆ. ಗೋಡೆಯಾಚೆ ಏನೂ ಇಲ್ಲ. ಎದುರು ಮನೆಯವಳು ಬಂದು ಇಣುಕಿ, ಬಾಯಿ ಮೇಲೆ ಬೆರಳಿಟ್ಟುಕೊಂಡು ಹೋದಳು. ಅವ್ವ ಒಳಗೆ ಬಂದು ನನ್ನ ಹೊರಸಿನ ತುದಿಯಲ್ಲಿ ಕೂತು, "ತಪ್ಪ ಮಾಡಿದ್ನೇನವಾ?" ಎಂದು ಅತ್ತಳು.

ಮರುದಿನ ಮತ್ತೆ ಹೋದಳು. ಹುಂಜವನ್ನು ಬೈದಳು, ಹುಂಜದ ವಂಶವನ್ನು ಬೈದಳು, ಗೋಡೆ ಕುಸಿಯುತ್ತಿದೆ, ಕರಿಬೇವಿನ ಗಿಡ ಬೋಳಾಗಿದೆ, ಈ ಮನೆಯವರಿಗೆ ನೆರೆಹೊರೆಯ ಕಾಳಜಿಯೇ ಇಲ್ಲ ಎಂದಳು. ಉತ್ತರವಿಲ್ಲ. ಅದರ ಮರುದಿನವೂ ಹಾಗೆಯೇ. ಅಪ್ಪ ಬೇಡವೆನ್ನುವುದನ್ನು ಬಿಟ್ಟು, ಕೋಲಿನ ಮೇಲೆ ಗದ್ದವಿಟ್ಟು ಕೂತು ಕೇಳುತ್ತಿದ್ದ.

ಎಷ್ಟನೆಯ ದಿನವೋ ನೆನಪಿಲ್ಲ. ಅವ್ವನ ಹತ್ತಿರ ಬೈಗುಳ ಮುಗಿದುಹೋಗಿದ್ದವು. "ಬೂಬೂ, ನಿನ್ನ ಕೋಳಿ..." ಎಂದು ಶುರು ಮಾಡಿ ಮುಂದೆ ಏನೂ ತೋಚದೆ ನಿಂತಳು. ಆಗ ಆಚೆಯಿಂದ ಅಪ್ಪನ ಆ ದಿನದ ದನಿಯಂತೆಯೇ ತುಕ್ಕು ಹಿಡಿದ ದನಿ ಬಂತು. ಗೋಡೆಗೆ ಬಹಳ ಹತ್ತಿರದಿಂದ ಬಂತು. ದಿನವೂ ಅಲ್ಲೇ ಬಂದು ಕೂತು ಕೇಳುತ್ತಿದ್ದಳೋ ಏನೋ.

"ಕೈ ಸೊಂಟದ ಮ್ಯಾಲ ಇಟ್ಟೀಯೇನ?"

ಅಪ್ಪ ಕೋಲು ಊರಿ ಎದ್ದು ನಿಂತ. ನಾನು ಬಾಣಂತಿ ಎಂಬುದನ್ನು ಮರೆತು ಕಿಟಕಿಗೆ ಬಂದೆ.

"ಇಟ್ಟೇನಿ," ಅಂದಳು ಅವ್ವ.

ಇಟ್ಟಿರಲಿಲ್ಲ. ಅವಳ ಎರಡೂ ಕೈ ಗೋಡೆಯ ಮೇಲಿದ್ದವು, ಹಣೆಯೂ ಗೋಡೆಗೇ ಒತ್ತಿತ್ತು.

"ಹಂಗಾರ ಬೈ," ಅಂದಳು ಖಾಲಾ. "ಕೇಳಾಕತ್ತೇನಿ."